ಎಪ್ಪತ್ತನೆಯ ಸಾಲಿನ ಸೊನ್ನೆ

ಅತ್ತೆಯ ಸ್ವೆಟರ್ ಅಂಗಡಿಯಲ್ಲಿ ಹೆಣೆಯುವವರಿಗೆ ಉಡುಪಿನ ಚಿತ್ರ ತೋರಿಸುವ ರೂಢಿಯಿಲ್ಲ. ಚೌಕಳಿ ಹಾಳೆಯ ಮೇಲೆ ಅತ್ತೆ ಗುರುತು ಹಾಕಿ ಕೊಡುತ್ತಾರೆ: ಸೊನ್ನೆಯಿದ್ದರೆ ಒಂದು ಕುಣಿಕೆ ಹೆಚ್ಚು, ಗೀಟಿದ್ದರೆ ಒಂದು ಕಡಿಮೆ. ಹೆಣೆಯುತ್ತಿರುವುದು ಬೆನ್ನೋ ಕಾಲರೋ ಎಂದು ಕೇಳುವಂತಿಲ್ಲ. ಕೇಳಿದರೆ ಕೈ ನಿಧಾನವಾಗುತ್ತದಂತೆ.

ಆರು ತಿಂಗಳು ಉಲ್ಲನ್ ಉಂಡೆ ಸುತ್ತಿದ ಮೇಲೆ ನನಗೆ ಅಂಥ ಮೊದಲ ಚೀಟಿ ಸಿಕ್ಕಿತು. ಕೆಡಿಸಿದರೆ ಮತ್ತೆ ಉಂಡೆಯೇ ಗತಿ. ಓದುವ ಸಾಲಿನ ಕೆಳಗೆ ರಟ್ಟಿನ ಪಟ್ಟಿಯಿಟ್ಟು, ಪ್ರತಿ ಗುರುತನ್ನೂ ಎರಡೆರಡು ಸಲ ನೋಡಿ ಹೆಣೆಯುತ್ತಿದ್ದೆ. ಎಪ್ಪತ್ತನೆಯ ಸಾಲಿನಲ್ಲಿ ಕೈ ನಿಂತಿತು.

"ಅತ್ತೆ, ಇಲ್ಲಿ ಸೊನ್ನೆ ಇದೆ."

"ಇದ್ರೆ ಹೆಚ್ಚಿಸು. ಇದನ್ನ ಕೇಳೋಕೆ ಡಿಗ್ರಿ ಬೇಕಾಯ್ತಾ?"

"ಹೆಚ್ಚಿಸೋದು ಬೇಡ ಅನ್ಸುತ್ತೆ."

ಗುಂಡಿ ಹೊಲಿಯುವ ಅಕ್ಕ ದಾರ ಕಚ್ಚಿ ತುಂಡರಿಸಿ ನಕ್ಕಳು. "ಇಷ್ಟೊತ್ತು ಗೀಟು ಬರ್ತಿತ್ತು, ಈಗ ಸೊನ್ನೆ ಬಂತು. ಅಷ್ಟು ಗಿಣಿಗೂ ಗೊತ್ತಾಗುತ್ತೆ ಕಣೇ."

ಅದೂ ನಿಜವಿರಬಹುದೆಂದು ನನಗೇ ಅಳುಕು. ಆದರೂ ಬಾಯಿ ಸುಮ್ಮನಿರಲಿಲ್ಲ. "ಹೀಗೇ ಹೆಚ್ಚಿಸ್ತಾ ಹೋದ್ರೆ ಮುಂಗೈ ಹತ್ರ ತೋಳು ಜೋತುಬೀಳುತ್ತೆ ಅತ್ತೆ. ಹಾಕ್ಕೊಂಡವರು ಪಾತ್ರೆ ತೊಳೆಯೋಕೆ ಹೋದ್ರೆ ಎಲ್ಲಾ ಒದ್ದೆ."

"ಇದು ತೋಳು ಅಂತ ಯಾರು ಹೇಳಿದ್ರು ನಿಂಗೆ?"

ಯಾರೂ ಹೇಳಿರಲಿಲ್ಲ. ಯಾವಾಗ ತಿಳಿಯಿತೆಂದು ಹಿಂದಕ್ಕೆ ಹೋಗಿ ಹುಡುಕಿದರೆ ಬರೀ ಗೀಟುಗಳೇ ಸಿಕ್ಕವು.

ಅತ್ತೆ ಕನ್ನಡಕ ಏರಿಸಿ ಚೀಟಿಯನ್ನು ಬೆಳಕಿಗೆ ಹಿಡಿದರು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ಈ ತೋಳನ್ನು ಭುಜದಿಂದ ಕೆಳಕ್ಕೆ, ಕಿರಿದಾಗಿಸುತ್ತಾ ಹೆಣೆಯಬೇಕಿತ್ತು. ಅರ್ಧ ಸರಿಯಾಗಿ ಬರೆದು ಊಟಕ್ಕೆ ಎದ್ದಿದ್ದ ಅತ್ತೆ, ಮಿಕ್ಕ ಅರ್ಧವನ್ನು ಮೂವತ್ತು ವರ್ಷದ ರೂಢಿಯಂತೆ ಮುಂಗೈಯಿಂದ ಮೇಲಕ್ಕೆ ಬರೆದುಬಿಟ್ಟಿದ್ದರು. ತಮ್ಮ ತಪ್ಪು ಕಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಂಗೆ ಅರ್ಥವಾಗಿದ್ದಲ್ಲ ಅತ್ತೆ," ಎಂದೆ. "ಗುರುತು ನೋಡಿ ನೋಡಿ ಅಭ್ಯಾಸ ಆಗಿರ್ಬೇಕು."

"ನಂಗೂ ಹಾಗೇ ಬಂದಿದ್ದು. ಅರ್ಥ ಅನ್ನೋದು ಬೇರೆ ಬಾಗಿಲಿಂದ ಬರುತ್ತೆ ಅಂದ್ಕೊಂಡಿದ್ಯಾ?"

"ಹಾಗಾದ್ರೆ ಗಿಣಿಗೂ ಬರ್ಬೇಕಲ್ಲ," ಎಂದಳು ಅಕ್ಕ, ಸೋಲಲು ಮನಸ್ಸಿಲ್ಲದೆ.

"ಗಿಣಿ ಯಾವತ್ತು ಪಾತ್ರೆ ತೊಳೆದಿದೆ?" ಎಂದರು ಅತ್ತೆ.

ಅಕ್ಕನೂ ನಕ್ಕಳು. ಅತ್ತೆ ನನ್ನ ಕೈಯಿಂದ ಕಡ್ಡಿಗಳನ್ನು ತೆಗೆದುಕೊಂಡು ಪೆನ್ಸಿಲ್ ಕೊಟ್ಟರು. "ಮುಂದಿನ ಸಾಲುಗಳನ್ನ ನೀನೇ ಬರಿ. ನಾನು ಹೆಣೀತೀನಿ."

ಒಂದು ಗೀಟು ಎಳೆದೆ. ಅಳಿಸಿದೆ. ಮತ್ತೆ ಅಲ್ಲೇ ಎಳೆದೆ. ಅತ್ತೆ ಏನೂ ಕೇಳದೆ ಅದನ್ನು ಹೆಣೆದು ಮುಗಿಸಿದರು.

"ಬೇಗ ಬರಿಯೇ," ಎಂದರು, "ಕೈ ಖಾಲಿ ಕೂತಿದೆ."