ಬರಿ ಅಂಗೈ

ವಾರ್ಡಿನ ಹಾಸಿಗೆಯಲ್ಲಿ ಅಜ್ಜಿ ಎಡ ಅಂಗೈಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದಿದ್ದಾರೆ, ಬಲಗೈಯ ಬೆರಳುಗಳು ಅದರ ಮೇಲೆ ಗಾಳಿಯನ್ನೇ ಸವರುತ್ತಿವೆ — ಡೆಲಿರಿಯಂ, ಕಾಯಿಲೆಯ ಬುದ್ಧಿಭ್ರಮೆ, ಅರ್ಥವಿಲ್ಲದ ಕೈಚಲನೆ ಎಂದರು ನಮ್ಮ ವಿಭಾಗದ ಮುಖ್ಯಸ್ಥ ಕುಬೇರಪ್ಪ ಸರ್, ಹರಿಹರದ ಈ ಸರ್ವಮಂಗಳಮ್ಮ ಮೊನ್ನೆಯಿಂದ ಅನ್ನ ನೀರು ಮುಟ್ಟಿಲ್ಲ, ಬ್ಯಾಡ ಅನ್ನುವುದೊಂದೇ ಮಾತು, ಇವತ್ತು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಬೇಕು, ಇಳಿಸಬೇಕಾದವಳು ನಾನು, ಎಂ.ಡಿ. ಮುಗಿಸಿ ವೃದ್ಧರ ಚಿಕಿತ್ಸೆ ಕಲಿಯಲು ಮತ್ತೆ ಮೂರು ವರ್ಷಕ್ಕೆ ಬಂದು ಕೂತವಳು. ಹಾರ್ಟ್ ಸೀಟು ಬಿಟ್ಟು ಮುದುಕರ ಡಾಕ್ಟ್ರಾದ್ಯಾ ಪದ್ಮಶ್ರೀ, ಎಲ್ಲ ಪಾರ್ಟೂ ಹಳೇವು, ಏನ್ ರಿಪೇರಿ ಮಾಡ್ತಿ, ಎಂದಿದ್ದ ಜೊತೆಗೆ ಓದಿದ ರೇವಂತ್, ವಿನೋಬನಗರದ ಚಿಕ್ಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ, ನಿನ್ನ ಓದು ಮುಗಿಯೋದ್ರಾಗ ನೀನಾ ನಿನ್ ಪೇಷಂಟ್ ಆಗಿರ್ತಿ ಬಿಡು — ಆಗಲಿ, ಆಗ ನನಗೊಬ್ಬಳು ಒಳ್ಳೆಯ ಡಾಕ್ಟರಾದರೂ ಸಿಕ್ಕಾಳು. ಅರ್ಥವಿಲ್ಲದ ಚಲನೆಗೆ ಇಷ್ಟು ಶಿಸ್ತು ಎಲ್ಲಿಂದ ಬಂತು, ಅಂಗೈ ಒಂದಿಷ್ಟೂ ಅಲುಗುತ್ತಿಲ್ಲ, ಬೆರಳು ಹಣೆಗೆ ಹೋಗಿ ಮತ್ತೆ ಅಂಗೈಗೆ, ಅದೇ ಕ್ರಮ, ಕುತ್ತಿಗೆಯಲ್ಲಿ ದಾರ ಇದ್ದ ಕಡೆ ಬಿಳಿಚಿದ ಗೆರೆ — ಲಿಂಗ, ಅಂಗೈಯಲ್ಲಿಟ್ಟು ಪೂಜಿಸುವ ಇವರ ಇಷ್ಟಲಿಂಗ ಎಲ್ಲಿ, ಪೂಜೆಯಾಗದೆ ನೀರು ಮುಟ್ಟುವವರಲ್ಲ ಇವರು. ಬಾಗಿಲಲ್ಲಿದ್ದ ಮಗ ಬಕ್ಕೇಶನನ್ನು ಕೇಳಿದೆ. ಸ್ಕ್ಯಾನಿಂಗ್‌ಗೆ ಬಳಿ ಜತಿಗೆ ಲಿಂಗದ ಕರಡಿಗೀನೂ ತೆಗಿಸಿದ್ರಲ್ಲ ಮೇಡಂ, ಬೆಳ್ಳೀದು, ಇಲ್ಲಿ ಕಳುವಾದೀತು ಅಂತ ಮನಿ ಬೀರುವಿನಾಗ ಇಟ್ಟೀನಿ, ಅವ್ವ ಕೇಳ್ಲೇ ಇಲ್ಲ. ಲಿಂಗ ಮೈಬಿಟ್ಟಿರುವುದೇ ಇವರಿಗೆ ದೊಡ್ಡ ಅಪಚಾರ, ಮೈಮೇಲೆ ಲಿಂಗವಿಲ್ಲ ಎಂದು ಯಾವ ಬಾಯಿಂದ ಹೇಳಿಯಾರು, ಹೋಗ್ರಿ, ಈಗಲೇ ತರ್ರಿ ಎಂದೆ, ಬೈಕು ಹರಿಹರಕ್ಕೆ ಓಡಿತು. ನಳಿಕೆ ಯಾಕ ಹಾಕಿಲ್ಲ, ಮತ್ತೆ ಬಂದ ಕುಬೇರಪ್ಪ ಸರ್ ಕೇಳಿದರು. ಅವ್ರ ಮಗ ಲಿಂಗ ತರೋತನ ಹಾಕಲ್ಲ ಸರ್. ಪೂಜಿ ಗೀಜಿ ಅಂತ ಕುಂತ್ರ ಪೇಷಂಟ್ ಉಳೀತಾರೇನಮ್ಮ? ಡ್ರಿಪ್ ಓಡ್ತೈತೆ ಸರ್. ಏನಾದ್ರೂ ಆದ್ರ ಎಲ್ಲರ ಮುಂದ ನೀನಾ ಉತ್ತರ ಹೇಳ್ಬೇಕು. ಹೇಳ್ತೀನಿ ಸರ್. ಹೇಳುತ್ತೇನೆ, ನಳಿಕೆ ಹಾಕಿದರೆ ಕೀಳದಂತೆ ಅವರ ಕೈ ಕಟ್ಟಬೇಕಾಗುತ್ತದೆ, ಈ ಕೈಗಳನ್ನೇ, ಇಲ್ಲ, ಕಟ್ಟುವುದಿಲ್ಲ, ಇದನ್ನು ಕಲಿಯಲು ನಾನು ಬಂದಿಲ್ಲ — ಹೆಲ್ಮೆಟ್ಟನ್ನೂ ತೆಗೆಯದೆ ಬಂದ ಬಕ್ಕೇಶ್ ಕರಡಿಗೆ ಬಿಚ್ಚಿ ಲಿಂಗವನ್ನು ಅವ್ವನ ಅಂಗೈಗಿಟ್ಟ, ಅವರು ಮಗನ ಮುಖವನ್ನೂ ನೋಡಲಿಲ್ಲ, ಬೆರಳುಗಳಿಗೆ ಈಗ ಮುಟ್ಟಲು ಏನೋ ಇದೆ, ಕಣ್ಣು ಮುಚ್ಚಿಕೊಂಡಿದ್ದಾರೆ, ವಾರ್ಡಿನ ಗದ್ದಲ ಎಲ್ಲೋ ದೂರದಲ್ಲಿ, ಕೊನೆಗೆ ನನ್ನ ಕಡೆ ತಿರುಗಿ ಒಂದೀಟು ನೀರ್ ಕೊಡವ್ವ ಎಂದರು. ಅವರ ತಲೆಯನ್ನು ತುಸು ಎತ್ತಿ ಲೋಟವನ್ನು ತುಟಿಗೆ ಹಿಡಿದಿದ್ದೇನೆ, ಕೆಮ್ಮಿದರೆ, ನೀರು ಶ್ವಾಸಕೋಶಕ್ಕೆ ಹೋದರೆ, ಕುಬೇರಪ್ಪ ಸರ್ ಬೆನ್ನ ಹಿಂದೆಯೇ ನಿಂತಿದ್ದಾರೆ, ನಿಲ್ಲಲಿ, ನೋಡಲಿ — ಒಂದು ಗುಟುಕು, ಸುಕ್ಕುಗಟ್ಟಿದ ಗಂಟಲು ಏರುತ್ತದೆ, ಇಳಿಯುತ್ತದೆ, ಇನ್ನೊಂದು, ಏರುತ್ತದೆ, ಇಳಿಯುತ್ತದೆ, ಕೆಮ್ಮಿಲ್ಲ, ಗಂಟಲು, ಆ ಗಂಟಲು —