ತ್ಯಾಮಗೊಂಡ್ಲಿಗೆ ಕಾಣುವ ಚುಕ್ಕಿ

ಶಾಲೆಯ ಬಸ್ಸಿಗೆ ಕಾಯುತ್ತ ದೊಡ್ಡಬೆಳವಂಗಲದ ಅರಳಿಕಟ್ಟೆಯ ಬಳಿ ನಿಂತಿದ್ದ ಮುನಿವೆಂಕಟಮ್ಮನ ಫೋನು ಬಡಿದುಕೊಂಡಿತು. ಸೊಸೆ ದಿವ್ಯಳ ತಾಯಿ ಹನುಮಕ್ಕ, ತ್ಯಾಮಗೊಂಡ್ಲಿನಿಂದ.

"ಅಕ್ಕಾ, ಮಗು ಬಂತು ನೋಡಿ."

"ಇನ್ನೂ ಬಸ್ಸೇ ಬಂದಿಲ್ಲ ಕಣಮ್ಮ."

"ತಿರುವಲ್ಲಿ ಐತೆ ಬುಡಿ."

ತಿರುವಿನಲ್ಲಿ ಬಸ್ಸಿನ ಹಳದಿ ಮೂತಿ ಕಾಣಿಸಿತು. ಮುನಿವೆಂಕಟಮ್ಮ ಫೋನಿನ ಕೆಂಪು ಗುಂಡಿಯನ್ನು ಬೇಕೆಂದೇ ಜೋರಾಗಿ ಅಮುಕಿದಳು.

ಜೂನಿನಲ್ಲಿ ಶಾಲೆಯವರು ಪ್ರತಿ ಮಗುವಿನ ಕೊರಳಿಗೂ ಒಂದು ಕಾರ್ಡು ಹಾಕಿದ್ದರು. ಮಗು ಎಲ್ಲಿದೆಯೋ ಅಲ್ಲಿ ಫೋನಿನ ನಕ್ಷೆಯಲ್ಲಿ ಒಂದು ಚುಕ್ಕಿ. ತಂದೆ, ತಾಯಿ, ಮನೆಯ ಹಿರಿಯರೊಬ್ಬರು, ಹೀಗೆ ಮೂರು ನಂಬರಿಗೆ ಮಾತ್ರ ಅವಕಾಶ. ಅತ್ತೆಯದು ಗುಂಡಿ ಒತ್ತುವ ಫೋನೆಂದು ದಿವ್ಯ ತನ್ನ ತಾಯಿಯ ನಂಬರು ಬರೆಸಿದ್ದಳು. ಮೊಮ್ಮಗಳು ಮೋನಿಷಾಳ ಹಾಲುಹಲ್ಲು ಮಾಡಿನ ಮೇಲೆ ಎಸೆದವಳು ಒಬ್ಬಳು, ಮನೆಯ ಹಿರಿಯಳು ಇನ್ನೊಬ್ಬಳು.

ಮುನಿವೆಂಕಟಮ್ಮನಿಗೆ ತನ್ನದೆಂದು ಉಳಿದದ್ದು ಸಂಜೆಯ ಒಂದೇ ಗಂಟೆ. ಶ್ರಾವಣವಿಡೀ ಸಂಜೆ ಭಜನೆ ಮನೆಯಲ್ಲಿ ರಾಮಾಂಜಿನಪ್ಪ ಮೇಷ್ಟ್ರು ಪದ್ಯ ಓದಿ ಅರ್ಥ ಹೇಳುತ್ತಿದ್ದರು. ಅಜ್ಜಿಯ ತೊಡೆಗೊರಗಿ ಕೇಳುತ್ತಿದ್ದ ಎಂಟು ವರ್ಷದ ಹುಡುಗಿ ಮರುದಿನ ಬೆಳಗ್ಗೆ ಜಡೆ ಹಾಕಿಸಿಕೊಳ್ಳುವಾಗ ಅದೇ ರಾಗದಲ್ಲಿ ಒಪ್ಪಿಸುತ್ತಿದ್ದಳು. ಭಜನೆಯ ಹೊತ್ತಿಗೆ ಅವಳು ಟ್ಯೂಷನ್ನಿನಲ್ಲಿ ಇರಬೇಕಾಗಿತ್ತು, ಅಷ್ಟೇ.

ಹಿಂದಿನ ವಾರ ಮಗ ದೇವರಾಜ್ ರೇಗಿದ್ದ. "ಟ್ಯೂಷನ್ ಬಿಡಿಸಿ ಭಜನೆ ಮನೇಲಿ ಕೂರಿಸ್ತೀಯಂತೆ! ನಮ್ಮತ್ತೆ ಹೇಳ್ತು."

"ನಿಮ್ಮತ್ತೆಗೆ ಅಲ್ಲಿಂದಲೇ ದಿವ್ಯದೃಷ್ಟಿ ಬಂದೈತಾ?" ಎಂದಿದ್ದಳು ಮುನಿವೆಂಕಟಮ್ಮ. ಆದರೆ ಉಪಾಯವನ್ನೂ ಹೂಡಿದ್ದಳು.

ಇಂದೂ ಹಾಗೆಯೇ ಮಾಡಿದಳು. ಟ್ಯೂಷನ್ನಿಗೆ ಹೊರಟಿದ್ದ ಪಕ್ಕದ ಮನೆಯ ಪ್ರಿಯಾಂಕಳ ಬ್ಯಾಗಿಗೆ ಮೊಮ್ಮಗಳ ಕಾರ್ಡನ್ನು ಹಾಕಿ, "ನೀನೇ ಇಟ್ಕೊಂಡಿರವ್ವ, ಆಮೇಲೆ ಈಸ್ಕೊತೀನಿ" ಎಂದಳು. ಭಜನೆ ಮನೆಯಲ್ಲಿ ಓದು ಶುರುವಾದ ಮೇಲೆ ಮಂಗಳ ಹಾಡುವ ತನಕ ಯಾರೂ ಏಳುವಂತಿಲ್ಲ, ಫೋನು ಒಳಗೆ ತರುವಂತಿಲ್ಲ. ಫೋನನ್ನು ಚಪ್ಪಲಿಯಲ್ಲಿಟ್ಟು ಒಳಹೋದಳು.

ಮೂರನೆಯ ಪದ್ಯ ನಡೆಯುವಾಗ ಹೊರಗೆ ಫೋನು ಬಡಿದುಕೊಳ್ಳತೊಡಗಿತು. ನಿಂತಿತು, ಮತ್ತೆ ಬಡಿದುಕೊಂಡಿತು. ಬಡಿದುಕೊಳ್ಳಲಿ ಎಂದು ಮುನಿವೆಂಕಟಮ್ಮ ಕಣ್ಣು ಮುಚ್ಚಿದಳು. ಚುಕ್ಕಿ ಟ್ಯೂಷನ್ನಿನಲ್ಲಿದೆ, ಮಗು ತನ್ನ ತೊಡೆಯ ಮೇಲಿದೆ. ಇದಕ್ಕಿಂತ ಇನ್ನೇನು ಬೇಕು?

ಮಂಗಳಕ್ಕೆ ಇನ್ನೆರಡು ಪದ್ಯವಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಹನುಮಕ್ಕ! ತುರುಬು ಬಿಚ್ಚಿತ್ತು, ಒಂದೇ ಕಾಲಲ್ಲಿ ಚಪ್ಪಲಿ. ಕೈಯಲ್ಲಿದ್ದ ಫೋನಿನಿಂದ ಕರೆ ಹೋಗುತ್ತಲೇ ಇತ್ತು, ಅದರ ಉತ್ತರ ಅವಳ ಕಾಲಬುಡದಲ್ಲಿದ್ದ ಮುನಿವೆಂಕಟಮ್ಮನ ಚಪ್ಪಲಿಯಲ್ಲೇ ಬಡಿದುಕೊಳ್ಳುತ್ತಿತ್ತು. ಮೊಮ್ಮಗಳನ್ನು ಕಂಡವಳು ಬಾಯಿ ತೆರೆದಳು. ಮೇಷ್ಟ್ರ ದನಿ ಪದ್ಯದ ನಡುವಿನಲ್ಲಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ಹೊಸ್ತಿಲಲ್ಲೇ ಕುಸಿದು ಕೂತಳು. ಮಂಗಳ ಮುಗಿಯುವವರೆಗೂ ಅವಳ ಎದೆ ತಿದಿಯಂತೆ ಏರಿಳಿಯುತ್ತಿತ್ತು.

ಆರತಿಯಾದ ಮೇಲೆ ತಿಳಿಯಿತು. ಪ್ರಿಯಾಂಕಳ ಅಪ್ಪ ದೇವೇಂದ್ರ ಟ್ಯೂಷನ್ನಿನಿಂದಲೇ ಮಗಳನ್ನು ಕಾರಿಗೆ ಹತ್ತಿಸಿಕೊಂಡು ಹೊಸಕೋಟೆಯ ಆರತಕ್ಷತೆಗೆ ಹೊರಟಿದ್ದ. ಬ್ಯಾಗಿನೊಳಗೆ ಮೋನಿಷಾಳ ಕಾರ್ಡೂ ಹೋಯಿತು.

"ಚುಕ್ಕಿ ಓಡ್ತಾ ಐತೆ, ಓಡ್ತಾನೇ ಐತೆ! ದೊಡ್ಡಬಳ್ಳಾಪುರ ದಾಟ್ತು, ದೇವನಹಳ್ಳಿ ದಾಟ್ತು. ನೀವು ಎತ್ತಲ್ಲ. ದಿವ್ಯನ ಗಾರ್ಮೆಂಟ್ಸಲ್ಲಿ ಫೋನೆಲ್ಲ ಲಾಕರಲ್ಲಿ, ದೇವರಾಜಪ್ಪಂದು ಸಿಗಲ್ಲ. ನಮ್ ಬೀದಿ ಬೈರೇಶನ ಬೈಕ್ ಹತ್ಕೊಂಡು ಓಡಿ ಬಂದೆ. ಯಾವನೋ ಕದ್ದೊಯ್ದ ಅಂದ್ಕೊಂಡೆನಲ್ಲಕ್ಕಾ..."

"ದಿನಾ ನೀನು ಕಣ್ಣಿಡ್ದೆ ಇದ್ದಿದ್ರೆ ನಾನ್ಯಾಕೆ ಹಂಗ್ ಮಾಡ್ತಿದ್ದೆ?"

"ನಿಮ್ಗೇನಕ್ಕ? ತಲೆ ಬಾಚ್ತೀರ, ತುತ್ತು ಇಕ್ತೀರ, ತೊಡೆ ಮ್ಯಾಲೆ ಮಲಗಿಸ್ಕೊತೀರ. ನನ್ ಪಾಲಿಗೆ ಬಂದಿದ್ದು ಚುಕ್ಕಿ. ಅದ್ನೂ ಬಚ್ಚಿಟ್ಬುಟ್ರಲ್ಲ."

ಹೊಟ್ಟೆಕಿಚ್ಚು ತನ್ನೊಬ್ಬಳ ಆಸ್ತಿಯೆಂದೇ ಮುನಿವೆಂಕಟಮ್ಮ ಇಷ್ಟು ದಿನ ತಿಳಿದಿದ್ದಳು.

ನಡುವೆ ನಿಂತಿದ್ದ ಮೋನಿಷಾ ಬರಿಗೊರಳು ಮುಟ್ಟಿಕೊಂಡಳು. "ಹಾಕೋವಾಗ್ಲೂ ಯಾರೂ ನನ್ನ ಕೇಳ್ಲಿಲ್ಲ. ತೆಗೆಯೋವಾಗ ನೀನೂ ಕೇಳ್ಲಿಲ್ಲ ಅಜ್ಜಿ. ನಾನು ಎಲ್ಲಿರ್ತೀನಿ ಅಂತ ನನ್ನೇ ಕೇಳಿದ್ರೆ ಹೇಳಲ್ವಾ?"

ಮೇಷ್ಟ್ರು ಕೆಮ್ಮಿ ಹೊರಗೆ ಹೋದರು.

"ಯೋಳವ್ವ," ಎಂದಳು ಹನುಮಕ್ಕ ಕೊನೆಗೆ, ಫೋನನ್ನು ಸೊಂಟಕ್ಕೆ ಸಿಕ್ಕಿಸುತ್ತ. "ನಾಳೆ ಸಂಜೆ ಎಲ್ಲಿರ್ತೀಯ?"

"ಇಲ್ಲೇ. ಪದ್ಯ ಇನ್ನೂ ಮುಗಿದಿಲ್ಲ. ಟ್ಯೂಷನ್ನಿಗೆ ಬೆಳಗ್ಗೆ ಹೋಗ್ತೀನಿ ಅಂತ ಅಪ್ಪಂಗೆ ನಾನೇ ಹೇಳ್ತೀನಿ."

ಹನುಮಕ್ಕ ಆ ರಾತ್ರಿ ಬೀಗರ ಮನೆಯಲ್ಲೇ ಉಳಿದಳು. ಮಗಳ ಮಾತು ಕೇಳಿದ ದೇವರಾಜ್ ಗೊಣಗುತ್ತಲೇ ಒಪ್ಪಿದ. ಮರುದಿನ ಸಂಜೆ ಹನುಮಕ್ಕನೂ ಭಜನೆ ಮನೆಗೆ ಬಂದಳು. ಹೊರಗೆ ಎರಡು ಫೋನುಗಳು ಎರಡು ಚಪ್ಪಲಿಗಳಲ್ಲಿ ಕೂತವು. "ಬಾ, ಮುಂದಕ್ಕೆ ಕೂತ್ಕೋ" ಎಂದು ಮುನಿವೆಂಕಟಮ್ಮನೇ ಜಾಗ ಮಾಡಿಕೊಟ್ಟಳು. ಎರಡನೆಯ ಪದ್ಯದ ಹೊತ್ತಿಗೆ ಮೋನಿಷಾಳ ತಲೆ ಮೆಲ್ಲಗೆ ಹನುಮಕ್ಕನ ತೊಡೆಯ ಕಡೆಗೆ ವಾಲಿತು.

ಆ ದಿನ ಮೇಷ್ಟ್ರು ಹೇಳಿದ ಅರ್ಥವೇನೆಂದು ಕೇಳಿದ್ದರೆ, ಆ ವಾಲಿದ ತಲೆಯನ್ನೇ ನೋಡುತ್ತಿದ್ದ ಮುನಿವೆಂಕಟಮ್ಮನಿಗೆ ಒಂದಕ್ಷರವೂ ಹೇಳಲು ಬರುತ್ತಿರಲಿಲ್ಲ.