ಹೊಗೆ ವಾಸನೆ ಇಲ್ಲದ ಚಹಾ

ಉಚ್ಚೆಂಗಮ್ಮನಿಗೆ ಇದ್ದದ್ದು ಒಂದೇ ಚಿಂತೆ. ಮಗಳ ಬಾಣಂತನದೊಳಗೆ ಮನೆಗೆ ಗ್ಯಾಸ್ ಬರಬೇಕು. ಏಳು ತಿಂಗಳ ಬಸುರಿ ದೇವಿಕಾ ತವರಿಗೆ ಬಂದಿದ್ದಳು. ಸಣ್ಣಂದಿನಿಂದಲೂ ಉಬ್ಬಸದ ಹುಡುಗಿ. ಇವಳ ಹತ್ತಿರ ಹೊಗೆ ಸುಳಿಯಬಾರದು ಎಂದು ಹೊಸಪೇಟೆಯ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದರು. ಸುಳಿಯಬಾರದಂತೆ! ಗಾದಿಗನೂರಿನ ಆ ಒಂದೇ ಕೋಣೆಯ ಮನೆಯಲ್ಲಿ ಒಲೆ ಹಚ್ಚಿದರೆ ಹೊಗೆ ಇನ್ನೆಲ್ಲಿಗೆ ಹೋದೀತು? ಬಾಣಂತಿ ಎಂದಮೇಲೆ ದಿನಾ ಒಂದು ಹಂಡೆ ಸುಡುನೀರು ಬೇಕೇ ಬೇಕು. ಜಾಲಿ ಕಟ್ಟಿಗೆಯ ಹೊರೆಗೆ ಹೋದ ವರ್ಷದ ಎರಡರಷ್ಟು ಕೇಳುತ್ತಿದ್ದರು. ಅದೂ ಹಸಿ ಕಟ್ಟಿಗೆ, ಉರಿಗಿಂತ ಹೊಗೆಯೇ ಹೆಚ್ಚು.

ಕಟ್ಟಿಗೆ ಒಲೆಯ ಮನೆಗಳಿಗೆ ಸರ್ಕಾರ ಪುಕ್ಕಟೆ ಗ್ಯಾಸ್ ಕೊಡುತ್ತದೆಂದು ಕೇಳಿ ಅರ್ಜಿ ಹಾಕಿದಳು. ನಾಳೆ ಮನೆ ನೋಡಲು ಸಾಹೇಬರು ಬರುತ್ತಾರೆ ಎಂದು ಫೋನೂ ಬಂತು.

ಅಲ್ಲಿಗೆ ಈ ಹೆಂಗಸಿನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಮನೆಗೆ ಬಂದವರಿಗೆ ಚಹಾ ಕೊಡಬೇಕು, ಒಪ್ಪಿದೆ. ಆದರೆ ಅವಳ ಒಲೆಯ ಚಹಾ ಹೊಗೆ ನಾರುತ್ತದೆ. ದೇವಿಕಾಳ ಅತ್ತೆ ಒಮ್ಮೆ ಒಂದೇ ಗುಟುಕು ಕುಡಿದು ಕಪ್ಪನ್ನು ಪಕ್ಕಕ್ಕೆ ಸರಿಸಿದ್ದಳು. ಆ ಅವಮಾನವನ್ನು ಉಚ್ಚೆಂಗಮ್ಮ ಇನ್ನೂ ಮರೆತಿರಲಿಲ್ಲ. ಪಕ್ಕದ ಮನೆಯ ದುರ್ಗಕ್ಕ ತನ್ನ ಮನೆಯಲ್ಲೇ ಚಹಾ ಮಾಡಿಕೊಂಡು ಒಯ್ಯಲು ಹೇಳಿದಳು. ಬೇರೆಯವರ ಮನೆಯ ಚಹಾ ಕೊಟ್ಟಳು ಅಂದಾರು ಎಂದು ಇವಳು ಒಪ್ಪಲಿಲ್ಲ. ದುರ್ಗಕ್ಕನ ಸಿಲಿಂಡರು, ಸ್ಟವ್ ಎರಡನ್ನೂ ಹೊತ್ತು ತಂದು ತನ್ನ ಕಟ್ಟೆಯ ಮೇಲೆ ಹೂಡಿದಳು. ಸಾಲದ್ದಕ್ಕೆ ಒಲೆಯ ಬೂದಿ ತೆಗೆದು, ಕೆಮ್ಮಣ್ಣು ಸಾರಿಸಿ, ಮಸಿಯ ಗುರುತೂ ಇಲ್ಲದಂತೆ ಮಾಡಿಟ್ಟಳು.

ಬಂದ ಮನೋಹರ್ ಸಾಹೇಬರು ಮೆತ್ತನೆಯ ಮನುಷ್ಯ. ಚಹಾ ಕುಡಿದು, “ಚಾ ಭಾಳ ಚಲೋ ಐತ್ರಿ ಅವ್ವಾ” ಎಂದು ಇನ್ನರ್ಧ ಕಪ್ಪು ಕೇಳಿ ಹಾಕಿಸಿಕೊಂಡರು. ಅಡುಗೆ ಜಾಗದ ಫೋಟೋ ಬೇಕೆಂದಾಗ ಉಚ್ಚೆಂಗಮ್ಮ ಸೆರಗು ಹೊದ್ದು ಸ್ಟವ್ ಪಕ್ಕದಲ್ಲೇ ನಿಂತಳು. ಇದು ಎರವಲಿನದು ಎಂದು ಒಂದು ಮಾತು ಆಡಿದ್ದರೆ ಮುಗಿದಿತ್ತು. ಬಂದವರೆದುರು ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಅವರೂ ಕೇಳಲಿಲ್ಲ.

ತಿಂಗಳಾದ ಮೇಲೆ ಅರ್ಜಿ ತಿರಸ್ಕಾರವಾಯಿತು. ಬಸ್ಸು ಹತ್ತಿ ಹೊಸಪೇಟೆಯ ಆಫೀಸಿಗೆ ಹೋದರೆ, ಅಲ್ಲಿನ ಹೆಣ್ಣುಮಗಳು ಕಂಪ್ಯೂಟರ್ ತಿರುಗಿಸಿ ಅದೇ ಫೋಟೋ ತೋರಿಸಿದಳು. ಅದು ದುರ್ಗಕ್ಕನದು ಎಂದು ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ.

“ಮನ್ಯಾಗಿರೋ ಗ್ಯಾಸ್ ವಾಪಸ್ ಮಾಡಿ ರಸೀದಿ ತರ್ರಿ. ಆಮ್ಯಾಲೆ ಹೊಸಾದಕ್ಕ ಅರ್ಜಿ ಹಾಕ್ರಿ.”

“ಇಲ್ಲದ್ದನ್ನ ಎಲ್ಲಿಂದ ತಂದು ವಾಪಸ್ ಮಾಡ್ಲಿ ತಾಯಿ?”

ಅಷ್ಟರಲ್ಲಿ ಆಕೆ ಸಾಲಿನಲ್ಲಿ ಹಿಂದೆ ನಿಂತವರ ಕಾಗದಕ್ಕೆ ಕೈ ಚಾಚಿದ್ದಳು. ದುರ್ಗಕ್ಕನನ್ನೇ ಮತ್ತೆ ಕೇಳೋಣವೆಂದರೆ, ಹಂಡೆಗಟ್ಟಲೆ ನೀರು ಕಾಯಿಸಿದರೆ ಅವಳ ಸಿಲಿಂಡರು ವಾರದಲ್ಲಿ ಖಾಲಿ. ಈಗಿನ ದರದಲ್ಲಿ ಯಾವ ಬಾಯಲ್ಲಿ ಕೇಳುವುದು?

ದೇವಿಕಾಗೆ ಹೆಣ್ಣುಕೂಸು ಹುಟ್ಟಿತು. ಹತ್ತನೆಯ ದಿನದ ನೀರಿಗೆ ಕಟ್ಟಿಗೆ ಹತ್ತಲೇ ಒಲ್ಲದು. ಉಚ್ಚೆಂಗಮ್ಮ ಕೊಳವೆ ಹಿಡಿದು ಊದಿದಷ್ಟೂ ಹೊಗೆ ಕೋಣೆ ತುಂಬಿತು. ದೇವಿಕಾ ಗೋಡೆ ಹಿಡಿದು ಎದ್ದು ಕೂತಳು. ಎದೆ ಸುಯ್ಯನೆ ಎಳೆಯುತ್ತಿತ್ತು.

“ಯವ್ವಾ, ಆವತ್ತು ನಮ್ಮ ಒಲಿ ಮ್ಯಾಲಿನ ಚಾನ ಕೊಟ್ಟಿದ್ರ ಏನಾಗ್ತಿತ್ತು?”

“ಮನಿಗೆ ಬಂದಾರಿಗೆ ಹೊಗಿ ಹೆಂಗ ಕುಡಿಸ್ಲೇ?”

ಅಂದ ಮೇಲೆ ತಾನು ಅಂದದ್ದು ಅವಳಿಗೇ ಕೇಳಿಸಿತು. ದೇವಿಕಾ ಏದುಸಿರು ಬಿಡುತ್ತ ಕೂಸಿನ ಮುಖಕ್ಕೆ ಸೆರಗು ಮರೆಮಾಡಿದಳು. ಹತ್ತು ದಿನದ ಕೂಸು ಸಣ್ಣಗೆ ಕೆಮ್ಮಿತು. ನೀರು ಇನ್ನೂ ಉಗುರುಬೆಚ್ಚಗೂ ಆಗಿರಲಿಲ್ಲ. ಉಚ್ಚೆಂಗಮ್ಮ ಕಣ್ಣೊರೆಸಿಕೊಂಡು ಮತ್ತೆ ಕೊಳವೆ ಊದತೊಡಗಿದಳು.